ಇನ್ನೂರು ಬೈಸಾ

ಮತ್ರಾದ ಮೀನುಪೇಟೆಯ ಹಿಂದೆ
ನಮ್ಮದು ಒಂದೂವರೆ ಬಾಗಿಲಿನ ಲಾಂಡ್ರಿ.
ಒಂದು ದಿಶ್ದಾಶದ ಇಸ್ತ್ರಿಗೆ ಇನ್ನೂರು ಬೈಸಾ.
ಒಂದು ಮತದ ಮೆಸೇಜಿಗೂ ಅಷ್ಟೇ.
ಹಾಗಾಗಿ ಹಾಡಿನ ಪೈಪೋಟಿಯ ಆ ತಿಂಗಳು
ಎಲ್ಲವನ್ನೂ ನಾನು ಅಂಗಿಯ ಲೆಕ್ಕದಲ್ಲೇ ಅಳೆದೆ.

ಹದಿನೆಂಟು ದೇಶದ ಹಾಡುಗಾರರು
ಮೂಲೆಯ ಟೀವಿಯಲ್ಲಿ, ಇಸ್ತ್ರಿಯ ಉಗಿಯೊಳಗೆ ಮಸುಕು ಮಸುಕು.
ಬೀದಿಯಲ್ಲಿ ಮಾತ್ರ ಥೇಟು ಪಂಚಾಯ್ತಿ ಎಲೆಕ್ಷನ್ನು.
ಸಲೂನಿನ ಮಾರಿವಿಕ್ ತನ್ನ ದ್ವೀಪದ ಹುಡುಗಿಗೆ
ನಲವತ್ತು ಮತ ಒತ್ತಿ ಬೆರಳಿಗೆ ಬಾಮು ಹಚ್ಚಿಕೊಂಡಳು.
ಜ್ಯೂಸಿನಂಗಡಿಯ ಕುಂಞಹ್ಮದ್ ಪಂಜಾಬಿನವನಿಗೆ ಹಾಕಿದ,
ಒಂದಕ್ಷರ ಅರ್ಥವಾಗದೆ.
'ಸಮುದ್ರ ದಾಟಿದ ಮೇಲೆ ಎಲ್ಲ ನಮ್ಮವರೇ ಬಿಡು' ಅಂದ.
ಬಲೂಚಿ ದಾದ್‌ಕರೀಮನಿಗೆ ಬೇರೆಯೇ ಚಿಂತೆ:
'ಅರ್ಧ ಮತ ಈ ಕಡೆಯ ಗಡಿಗೆ, ಅರ್ಧ ಆ ಕಡೆಗೆ
ಕಳಿಸಲು ಬರುತ್ತದೆಯೇ?'

ನನ್ನ ಮತ ಯಾರೂ ಕೇಳಲಿಲ್ಲ.
ಮುಖ ನೋಡಿ ಆಗಲೇ ಎಣಿಸಿಕೊಂಡಿದ್ದರು.
ಗುಂಗುರು ಕೂದಲು, ಅಗಲ ಮೂಗು,
ಬಸ್ತ್ಯಾಂವನದು ಆಫ್ರಿಕಾಕ್ಕೆ.
ಸಿದ್ದಿ ಅಂದರೆ ಗೊತ್ತಿಲ್ಲ, ಹಳಿಯಾಳ ಅಂದರೆ ನಗುತ್ತಾರೆ.
ಹೊರಡುವ ದಿನ ಏರ್‌ಪೋರ್ಟಿನವನೂ ಹಾಗೇ,
ಪಾಸ್‌ಪೋರ್ಟು ಮೂರು ಸಲ ತಿರುವಿ ಹಾಕಿ
'ನಿನ್ನ ಭಾಷೆ ಮಾತಾಡು ನೋಡೋಣ' ಅಂದ.
ಆಡಿದೆ. ಅವನಿಗೆ ಬರುತ್ತಿರಲಿಲ್ಲ.

ಆ ಸಿಟ್ಟಿಗೇ ಮೊದಲ ವಾರ
ಐರ್ಲೆಂಡಿನ ಮುದುಕನೊಬ್ಬನಿಗೆ ಮೂರಂಗಿ ಸುರಿದೆ.
ಕುರಿ ಕಳೆದುಕೊಂಡ ಹಾಡಂತೆ.
ಸುಖವೂ ಆಗಲಿಲ್ಲ, ದುಃಖವೂ.

ನಾಲ್ಕನೇ ಗುರುವಾರ ಬಂದ
ಕೊಮೊರೊ ದ್ವೀಪದ ಹುಡುಗ,
ತೊಡೆಯ ಮೇಲೆ ಅಡ್ಡ ಮಲಗಿಸಿದ ಡೋಲು.
ದನಿ ಸಾಧಾರಣ, ಎರಡು ಕಡೆ ಶ್ರುತಿ ಬಿಟ್ಟ.
ಆದರೆ ನನ್ನ ಬಲಗೈ ಇಸ್ತ್ರಿಪೆಟ್ಟಿಗೆ ಒತ್ತಿ ನಿಂತುಬಿಟ್ಟಿತ್ತು,
ಎಡಗೈ ಮೇಜು ಬಡಿಯುತ್ತಿತ್ತು ತಾನಾಗಿ:
ದಂ ದಂ ತಟ, ಒಂದು ಬಿಟ್ಟು, ದಂ.
ಆ ಬಿಟ್ಟ ಜಾಗ,
ಅಪ್ಪ ಡಮಾಮಿಯಲ್ಲಿ ಉಸಿರು ಎಳೆದುಕೊಳ್ಳುತ್ತಿದ್ದ
ಅದೇ ಜಾಗ.

ಅಪ್ಪ ಕಲಿಸಿದ್ದಲ್ಲ.
ಜಿಂಕೆ ಚರ್ಮ ಅಂತ ಫಾರೆಸ್ಟಿನವರು ಡಮಾಮಿ ಒಯ್ದ ವರ್ಷ
ಅವನು ಎಣ್ಣೆ ಡಬ್ಬ ಬಡಿದು ಕುಣಿಸಿದ ಕೇರಿಯನ್ನೆಲ್ಲ.
ನಾನು ಬೆನ್ನು ಮಾಡಿ ಕೂತು
ಪುಸ್ತಕ ಓದುವವನ ಹಾಗೆ ನಟಿಸಿದೆ.
ಬೆನ್ನು ಕೇಳಿಸಿಕೊಂಡಿರಬೇಕು.

ಸುಟ್ಟ ವಾಸನೆ ಬಂದಾಗ
ಸಯೀದ್ ಬಿನ್ ಖಲ್ಫಾನರ ಬಿಳಿ ದಿಶ್ದಾಶದ ಎದೆಯಲ್ಲಿ
ಇಸ್ತ್ರಿಯ ಮೂತಿ ಕಂದಾಗಿ ಮೂಡಿತ್ತು.
ಇರಲಿ, ಹೋಗಲಿ ಅಂತ
ಅದೇ ಹೊಗೆಯಲ್ಲಿ ಹದಿನೇಳು ಅಂಗಿ ಒತ್ತಿದೆ,
ಬ್ಯಾಲೆನ್ಸು ಮುಗಿಯಿತೆಂದು ಫೋನು ಹೇಳುವ ತನಕ.

ಮಾರನೇ ದಿನ ಮುದುಕರು ಬಂದರು. ಬಿಡಿಸಿ ನೋಡಿದರು.
ನಾನು ಸಂಬಳದಲ್ಲಿ ಹಿಡಿಯಿರಿ ಅನ್ನುವ ಮುಂಚೆ
'ಎಷ್ಟು ಹೊತ್ತಿಗೆ ಸುಟ್ಟದ್ದು?' ಅಂದರು.
ಒಂಬತ್ತೂ ಕಾಲು.
ಕನ್ನಡಕ ತೆಗೆದರು, ಹಾಕಿಕೊಂಡರು.
ಅವರ ತಾಯಿ ಹುಟ್ಟಿದ್ದು ಜಂಜಿಬಾರಿನಲ್ಲಂತೆ,
ಇದೇ ಪೇಟೆಯಲ್ಲಿ ಆ ಕಡೆಯ ಮಾತು ಬಾಯಿಗೆ ಬಂದರೆ
ಮಗನ ಕೈ ಚಿವುಟುತ್ತಿದ್ದಳಂತೆ.
'ನನ್ನ ಮನೆಯಲ್ಲೂ ಹಾಲು ಉಕ್ಕಿತು ನಿನ್ನೆ' ಅಂದರು,
ಗಲ್ಲೆಯ ಮೇಲೆ ಉಗುರಿನಿಂದ ದಂ ದಂ ತಟ,
ಒಂದು ಬಿಟ್ಟರು.
ಆ ದಂ ನಾನು ಹಾಕಿದೆ.

ಹುಡುಗ ಹದಿನೈದನೆಯವನಾದ.
ಸುಟ್ಟ ದಿಶ್ದಾಶ ಈಗ ನನ್ನ ಮೇಜಿನ ಹಾಸು.
ಎರಡನೇ ಬಹುಮಾನದ ಮಿಠಾಯಿ ಹಂಚುತ್ತ ಮಾರಿವಿಕ್ ಕೇಳಿದಳು:
'ಕೊನೆಗೂ ಆಫ್ರಿಕಾಕ್ಕೇ ಹಾಕಿದೆ, ಅಲ್ಲವಾ?'
ಹೂಂ ಅಂದೆ.
ಹಳಿಯಾಳಕ್ಕೆ ಹಾಕಿದ್ದು ಅಂದರೆ
ಮತ್ತೆ ನಗುತ್ತಾಳೆ.